ಬೆಳಕೆಯ ಮಂಜಿ ಜಿಮ್ಮಿಗೆ ಹೋದದ್ದು

ಮಗನನ್ನು ಮೀಯಿಸಿ, ಎತ್ತಿಕೊಂಡು ಬಚ್ಚಲಿನ ಹೊಸ್ತಿಲು ದಾಟುವಾಗ ಮಂಜಿಯ ತೋಳು ಇದ್ದಕ್ಕಿದ್ದಂತೆ ಸೋತುಹೋಯಿತು. ಗಣೇಶ ಅವಳ ಎದೆಯಿಂದ ಜಾರಿ ಒದ್ದೆ ನೆಲಕ್ಕೆ ಬಿದ್ದ. ಪುಣ್ಯಕ್ಕೆ ತಲೆಗೆ ಪೆಟ್ಟಾಗಲಿಲ್ಲ, ಭುಜ ತರಚಿತು. ಅವಳು ಅವನ ಕಂಕುಳಿಗೆ ಕೈಹಾಕಿ ಎಳೆದಳು, ಸೊಂಟ ಹಿಡಿದು ಎಳೆದಳು, ಕೊನೆಗೆ ಬೆನ್ನ ಹಿಂದೆ ಕೂತು ಮೊಣಕಾಲಿನಿಂದ ನೂಕಿಯೂ ನೋಡಿದಳು. ಆಗಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದದ್ದು ದಾಸನ ಮನೆ ಒಂದೇ. ಅವರೆಲ್ಲ ಗದ್ದೆಗೆ ಹೋಗಿದ್ದರು. ದಾಸ ಬರುವವರೆಗೆ ತಾಯಿ ಮಗ ಇಬ್ಬರೂ ಆ ನೆಲದ ಮೇಲೇ ಇದ್ದರು. ಸೆರಗು ಬಿಚ್ಚಿ ಅವನ ಮೈಗೆ ಹೊದೆಸಿ, ಅವಳು ಗೋಡೆ ನೋಡುತ್ತ ಕೂತಿದ್ದಳು. ಗಣೇಶನಿಗೆ ಆಗ ನಲವತ್ತನಾಲ್ಕು ವರ್ಷ. ಅವಳಿಗೆ ಎಪ್ಪತ್ತರ ಆಸುಪಾಸು. ಸರಿಯಾಗಿ ಅವಳಿಗೂ ಗೊತ್ತಿರಲಿಲ್ಲ.

ಮಾವಳ್ಳಿಯಲ್ಲಿ ಹುಟ್ಟಿ ಬೆಳಕೆಗೆ ಮದುವೆಯಾಗಿ ಬಂದ ಹೆಣ್ಣು ಅವಳು. ಗಂಡ ಮಾಸ್ತಿ ಮೀನು ಹಿಡಿಯುವ ಬೋಟಿಗೆ ಹೋಗುತ್ತಿದ್ದ. ಹೆರಿಗೆ ಕಷ್ಟವಾಗಿ ಹುಟ್ಟಿದ ಒಬ್ಬನೇ ಮಗ ಕೂರಲಿಲ್ಲ, ನಿಲ್ಲಲಿಲ್ಲ. ಕೈಕಾಲು ಹುರಿಗಟ್ಟಿದ ಹಗ್ಗದಂತೆ ಬಿಗಿದೇ ಉಳಿದವು. ಬುದ್ಧಿಗೆ ಮಾತ್ರ ಕೊರತೆಯಿರಲಿಲ್ಲ. ಯಾವ ಬಸ್ಸು ಹೋಯಿತೆಂದು ಹಾರ್ನಿನಲ್ಲೇ ಹೇಳುತ್ತಿದ್ದ, ಗಂಜಿ ಆರಿದರೆ ಸಿಟ್ಟುಮಾಡುತ್ತಿದ್ದ, ಕ್ರಿಕೆಟ್ಟಿನಲ್ಲಿ ನಮ್ಮವರು ಸೋತ ದಿನ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಆದರೆ ಅವನ ಮಾತು ಗಂಟಲಲ್ಲೇ ಮುರಿದು ಬರುತ್ತಿತ್ತು. ಅದು ತಿಳಿಯುತ್ತಿದ್ದದ್ದು ತಾಯಿಗೆ ಮಾತ್ರ. ಮಾಸ್ತಿ ಬೋಟಿನಲ್ಲೇ ಎದೆನೋವು ಬಂದು ತೀರಿಕೊಂಡ ಮೇಲೆ ಅವಳು ಕಂಡವರ ಗದ್ದೆಯಲ್ಲಿ ನಟ್ಟಿ ಮಾಡಿದಳು, ಮೀನಿನ ಬುಟ್ಟಿ ಹೊತ್ತಳು. ಬೆಳಿಗ್ಗೆ ಸಂಜೆ ಮಗನನ್ನು ಎತ್ತಿದಳು. ಹೀಗೆ ಅವನೂ ಬೆಳೆದ, ಅವಳೂ ಮುದುಕಿಯಾದಳು. ಇಂಥವರನ್ನು ನೋಡಿಕೊಳ್ಳುವ ಕಡೆ ಒಂದಿದೆ ಎಂದು ಯಾರೋ ಹೇಳಿದ್ದಕ್ಕೆ ಕುಮಟಾದವರೆಗೂ ಹೋಗಿ ವಿಚಾರಿಸಿದ್ದಳು. ಸಣ್ಣ ಮಕ್ಕಳನ್ನಾದರೆ ಸೇರಿಸಿಕೊಳ್ಳುತ್ತೇವೆ, ದೊಡ್ಡವರಿಗೆ ಜಾಗವಿಲ್ಲ ಎಂದು ಅಲ್ಲಿ ಹೇಳಿ ಕಳಿಸಿದ್ದರು.

ಬಿದ್ದ ಮರುದಿನ ಅವಳು ಭಟ್ಕಳದ ಡಾಕ್ಟರರ ಹತ್ತಿರ ಹೋದಳು. ಅವರು ತೋಳು ಒತ್ತಿ ನೋಡಿ, ವಯಸ್ಸಿಗೆ ಮಾಂಸಖಂಡ ಕರಗಿದೆ, ಭಾರ ಎತ್ತುವ ವ್ಯಾಯಾಮ ಮಾಡಿದರೆ ಸ್ವಲ್ಪ ಮರಳಿ ಬರುತ್ತದೆ ಎಂದರು.

"ಜಲ್ಮಪೂರ್ತಿ ಭಾರನೇ ಎತ್ತಿದ್ನಲ್ಲ ಡಾಕ್ಟ್ರೆ," ಎಂದಳು ಮಂಜಿ.

"ಅದು ಸವೆಸುವ ಭಾರ. ಬೆಳೆಸುವ ಭಾರ ಬೇರೆ. ಯಾರಾದ್ರೂ ತಿಳಿದವರು ಹೇಳಿಕೊಡಬೇಕು."

ಅಲ್ಲೇ ಹೆದ್ದಾರಿ ಪಕ್ಕದ ಮಾಳಿಗೆಯ ಮೇಲೆ ಇದ್ದ ಜಿಮ್ಮಿನ ದೊಡ್ಡ ಬೋರ್ಡನ್ನು ಅವಳು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದಳು. ಅದರಲ್ಲಿ ಬಿಳಿಕೂದಲಿನ ಗಂಡ ಹೆಂಡತಿ ನಗುತ್ತ ಓಡುತ್ತಿದ್ದರು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಚಪ್ಪಲಿ ಹೊರಗೆ ಬಿಟ್ಟು, ಅವಳು ಒಳಗೆ ಹೋಗಿ ನಿಂತಳು.

ಆ ಜಿಮ್ ಪ್ರವೀಣನದು. ಮೂವತ್ತೆಂಟರ ಅವನು ಒಂದು ಕಾಲಕ್ಕೆ ದೇಹದಾರ್ಢ್ಯದ ಸ್ಪರ್ಧೆಗಳಲ್ಲಿ ಕಪ್ ಗೆದ್ದವನು. ಅವನು ಶುರುಮಾಡಿದಾಗ ಇದರ ಹೆಸರು ಪವರ್ ಜಿಮ್. ಹತ್ತಿರದ ಊರುಗಳ ಹುಡುಗರೆಲ್ಲ ತೋಳು ಉಬ್ಬಿಸಲಿಕ್ಕೆ ಬರುತ್ತಿದ್ದರು, ಹಾಡಿನ ಗದ್ದಲ ಹೆದ್ದಾರಿಯವರೆಗೆ ಕೇಳುತ್ತಿತ್ತು. ಆಮೇಲೆ ಎಲ್ಲೋ ಜಿಮ್ಮಿನಲ್ಲಿ ಹುಡುಗನೊಬ್ಬ ಕುಸಿದು ಸತ್ತ ವಿಡಿಯೊ ಫೋನಿಂದ ಫೋನಿಗೆ ಹರಿದಾಡಿತು. ತಾಯಂದಿರು ಮಕ್ಕಳನ್ನು ತಡೆದರು. ಬಂದವರಿಗೂ ತೋಳು ಬೇಡವಾಗಿತ್ತು, ಆಯುಷ್ಯ ಬೇಕಾಗಿತ್ತು. ಕೈಯಲ್ಲಿ ನಾಡಿ ಎಣಿಸುವ ವಾಚು ಕಟ್ಟಿಕೊಂಡು ಬಂದು, ರಾತ್ರಿ ಎಷ್ಟು ನಿದ್ದೆ ಆಯಿತು, ಹೃದಯ ಎಷ್ಟು ವರ್ಷದ್ದು ಎಂದು ಮಾತಾಡುತ್ತಿದ್ದರು. ಪ್ರವೀಣ ಹೆಸರು ಬದಲಿಸಿ 'ಆಯುಷ್ಯ ಫಿಟ್‌ನೆಸ್' ಎಂದಿಟ್ಟ. ಮೇಲೆ ನಿಂತರೆ ದೇಹದ ವಯಸ್ಸು ಹೇಳುವ ಯಂತ್ರ ತರಿಸಿದ, ಐಸಿನ ನೀರಲ್ಲಿ ಕೂರಲು ತೊಟ್ಟಿ ಇಡಿಸಿದ. ಬೋರ್ಡಿನ ಮೇಲಿನ ಮುದುಕ ಮುದುಕಿ ಬರಿಯ ಚಿತ್ರ. ನಿಜವಾದ ಮುದುಕಿ ಬಂದು ನಿಲ್ಲುತ್ತಾಳೆಂದು ಅವನು ಎಣಿಸಿರಲಿಲ್ಲ.

"ಅಮ್ಮಾ, ಇಲ್ಲಿ ನಿಮ್ಮಂಥವ್ರಿಗೆ ಆಗುದಿಲ್ಲ," ಎಂದ. "ಎಂತಾದ್ರೂ ಆದ್ರೆ ನನ್ನ ಜಿಮ್ಮೇ ಮುಚ್ಚತದೆ."

"ಆ ಬೋರ್ಡಿನ ಮುದುಕಿಗೆ ಓಡೂಕಾದ್ರೆ ನಂಗೆ ಎತ್ತೂಕೆ ಯಾಕಾಗುದಿಲ್ಲ?"

"ಎಂತ ಎತ್ತೂಕೆ?"

"ಮಗನ್ನ."

ಅವಳು ಎಲ್ಲ ಹೇಳಿದಳು. ಅಳಲಿಲ್ಲ. ಕಡೆಗೆ, "ನಂಗೆ ನೂರು ವರ್ಷದ ಆಸೆ ಇಲ್ಲ ತಮ್ಮಾ. ಅಂವ ಹೋಗೂವರೆಗೆ ನಾ ಇರ್ಬೇಕು, ಕೈಯಲ್ಲಿ ಬಲ ಇರ್ಬೇಕು. ಹೆತ್ತವಳ ಬಾಯಲ್ಲಿ ಇಂಥ ಮಾತು ಬರ್ಬಾರ್ದು. ಆದ್ರೆ ಮತ್ತೆಂತ ಹೇಳುದು?" ಎಂದಳು.

ಮರುದಿನ ಬೆಳಿಗ್ಗೆ ಬರಲು ಹೇಳಿದ ಪ್ರವೀಣ.

ಮೊದಲ ದಿನ ಅವಳನ್ನು ಯಂತ್ರದ ಮೇಲೆ ನಿಲ್ಲಿಸಿದಾಗ ಅದು ಎಪ್ಪತ್ತೊಂಬತ್ತು ಎಂದು ತೋರಿಸಿತು. "ಇನ್ನೆಷ್ಟು ವರ್ಷ ಉಂಟು ಅಂತ ಹೇಳುದಿಲ್ವಾ ಇದು?" ಎಂದು ಅವಳು ಕೇಳಿದಳು. ಹೇಳುವುದಿಲ್ಲ ಎಂದ ಪ್ರವೀಣ. ಸ್ಟೂಲಿನ ಮೇಲೆ ಕೂತು ಕೈ ಊರದೆ ಏಳುವುದು, ಪುಟ್ಟ ಡಂಬೆಲ್ ಹಿಡಿದು ನಡೆಯುವುದು, ಬೆನ್ನು ಬಾಗಿಸದೆ ಮಂಡಿ ಮಡಿಸಿ ಭಾರ ಎತ್ತುವುದು, ಇಷ್ಟೇ ಕಲಿಸಿದ. ಅವಳು ಕನ್ನಡಿಗೆ ಬೆನ್ನುಹಾಕಿ ನಿಂತು ಮಾಡುತ್ತಿದ್ದಳು. ಬೆಳಿಗ್ಗೆ ಗಣೇಶನಿಗೆ ಗಂಜಿ ಉಣ್ಣಿಸಿ, ದಾಸನ ಹೆಂಡತಿಗೆ ನೋಡಿಕೊಳ್ಳಲು ಹೇಳಿ ಬಸ್ಸು ಹತ್ತಿದರೆ, ಬಿಸಿಲೇರುವ ಮೊದಲು ಮನೆ.

ಅದೇ ಹೊತ್ತಿಗೆ ಶಿಶಿರ ಹೆಗಡೆ ಎಂಬ ಹುಡುಗ ಬರುತ್ತಿದ್ದ. ಹೊನ್ನಾವರದ ಕಡೆಯ ತೋಟದವರ ಮನೆಯವನು, ಭಟ್ಕಳದ ಬ್ಯಾಂಕಿನಲ್ಲಿ ಕೆಲಸ. ಐಸಿನ ತೊಟ್ಟಿಯಲ್ಲಿ ಹಲ್ಲು ಕಡಿದು ಕೂರುವವನು ಅವನೊಬ್ಬನೇ. ಅವನ ಫೋನು ಆಗಾಗ ಹೊಡೆದುಕೊಳ್ಳುತ್ತಿತ್ತು. "ಎಂತದೂ ಆಯ್ದಿಲ್ಲೆ ಆಯಿ, ಬತ್ತೆ," ಎಂದು ತಾಯಿಗೆ ಮೆಲ್ಲಗೆ ಹೇಳಿ ಇಡುತ್ತಿದ್ದ.

ಒಂದು ದಿನ ಮಂಜಿ ಕೇಳಿದಳು. "ಹೆಗಡೇರೆ, ನೀವು ಇನ್ನೂ ಎಳೆ ಪ್ರಾಯದವ್ರು. ಈ ಶಿಕ್ಷೆ ನಿಮಗ್ಯಾಕೆ?"

ಅವನು ಒದ್ದೆ ತಲೆ ಒರೆಸಿಕೊಂಡ. "ನಮ್ಮ ಅಪ್ಪಯ್ಯ ನಲವತ್ತೊಂಬತ್ತಕ್ಕೆ ಹೋದ್ರು ಅಮ್ಮ. ಹೃದಯ. ಅಜ್ಜನೂ ಹಾಗೇ. ನಂಗೆ ಈಗ ಇಪ್ಪತ್ತೇಳು. ಮದುವೆ ಮಾಡ್ಕೋ ಅಂತಾರೆ ಮನೇಲಿ, ನಂಗೆ ಧೈರ್ಯ ಬರೂದಿಲ್ಲ."

ಮಂಜಿ ಅವನ ಬೆನ್ನು ಸವರಲು ಕೈ ಎತ್ತಿದವಳು, ಹೆಗಡೇರನ್ನು ಮುಟ್ಟುವುದು ಹೇಗೆಂದು ಎಣಿಸಿ ಹಿಂದೆ ತೆಗೆದುಕೊಂಡಳು.

ಅವಳನ್ನು ನೋಡಿ ಒಬ್ಬೊಬ್ಬರೇ ವಯಸ್ಸಾದವರು ಬರತೊಡಗಿದರು. ನಿವೃತ್ತ ಮಾಸ್ತರರು, ದುಬೈಯಿಂದ ಊರಿಗೆ ಮರಳಿದ ಸಕ್ಕರೆ ಕಾಯಿಲೆಯ ಸಾಹೇಬರು, ಬಿದ್ದು ಸೊಂಟ ಮುರಿದುಕೊಂಡು ಹೆದರಿದ ಹೆಂಗಸರು. ಪ್ರವೀಣ ಹಾಡು ನಿಲ್ಲಿಸಿದ, ಮೆಟ್ಟಿಲಿಗೆ ಕಬ್ಬಿಣದ ಹಿಡಿ ಹಾಕಿಸಿದ, ಕುರ್ಚಿಗಳನ್ನು ತಂದಿಟ್ಟ. ಜಿಮ್ಮಿನಲ್ಲಿ ನೋವಿನ ಎಣ್ಣೆಯ ವಾಸನೆ ತುಂಬಿತು. ಹುಡುಗರು ಮುಖ ಸಿಂಡರಿಸಿದರು. ಅಷ್ಟರಲ್ಲಿ ಹೊನ್ನಾವರದಲ್ಲಿ ಗಾಜಿನ ಗೋಡೆಯ ಹೊಸ ಕೇಂದ್ರವೊಂದು ತೆರೆಯಿತು. ರಕ್ತ ಪರೀಕ್ಷೆ ಮಾಡಿ ಯಾರು ಏನು ತಿನ್ನಬೇಕೆಂದು ಅಲ್ಲೇ ಹೇಳುತ್ತಾರಂತೆ. ಹುಡುಗರು ಬೈಕು ಹತ್ತಿ ಅಲ್ಲಿಗೆ ಹೋದರು. ಶಿಶಿರನೂ ಹೋದ. ಹೋಗುವ ಮೊದಲು ಪ್ರವೀಣನಿಗೆ ಮುಚ್ಚುಮರೆಯಿಲ್ಲದೆ ಹೇಳಿದ: "ತಪ್ಪು ತಿಳ್ಕೋಬೇಡ ಪ್ರವೀಣಣ್ಣ. ಇವರ ಮಧ್ಯೆ ಇದ್ರೆ ನಂಗೆ ಸಾವೇ ನೆನಪಾಗ್ತದೆ." ಸಂಜೆಯ ಹೊತ್ತು ಖಾಲಿ ಜಿಮ್ಮಿನಲ್ಲಿ ಪ್ರವೀಣನೊಬ್ಬನೇ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಿದ್ದ ದೊಡ್ಡ ತೂಕಗಳನ್ನು ಒರೆಸುತ್ತ ಕೂರುವಂತಾಯಿತು.

ಮಂಜಿಯ ತೋಳಿಗೆ ನಿಜಕ್ಕೂ ಸ್ವಲ್ಪ ಬಲ ಬಂತು. ಮರಳು ತುಂಬಿದ ಚೀಲವನ್ನು ಮಂಡಿಯವರೆಗೆ ಎತ್ತುವಷ್ಟಾದಳು. ಒಂದು ದಿನ ಖುಷಿಯಿಂದ ಬಂದು, "ನಿನ್ನೆ ಮಗ ಹಗುರ ಆದ ಹಾಗೆ ಕಂಡಿತು ತಮ್ಮಾ, ಸಲೀಸು ಎತ್ತಿದೆ," ಎಂದಳು. ಪ್ರವೀಣನಿಗೆ ಅನುಮಾನ ಬಂತು. ಅವಳು ಎತ್ತುವ ರೀತಿ ನೋಡಬೇಕೆಂದು ಆ ಭಾನುವಾರ ಬೆಳಕೆಗೆ ಹೋದ.

ಗಣೇಶ ಮಂಚದ ಮೇಲೆ ಗೋಡೆಗೆ ಒರಗಿದ್ದ. ಕೆನ್ನೆ ಒಳಗೆ ಹೋಗಿತ್ತು, ಕುತ್ತಿಗೆಯ ಎಲುಬು ಎದ್ದಿತ್ತು. ಊಟದ ಹೊತ್ತಾಗಿತ್ತು. ಮಂಜಿ ಅನ್ನ ಸಾರು ಕಲಸಿ ತುತ್ತು ಹಿಡಿದಳು. ಎರಡು ತುತ್ತಿಗೇ ಅವನು ಬಾಯಿ ಮುಚ್ಚಿ ಮುಖ ತಿರುಗಿಸಿದ.

"ಇತ್ಲಾಗೆ ಹೀಗೇ ಇವ. ಹಸಿವಿಲ್ಲ ಅಂತಾನೆ," ಎಂದಳು ಮಂಜಿ.

ಪ್ರವೀಣ ಅವನ ಹತ್ತಿರ ಕೂತ. "ಗಣೇಶಣ್ಣ, ಹೊಟ್ಟೆ ನೋವಾ?"

ಗಣೇಶ ತಲೆ ಅಲ್ಲಾಡಿಸಿದ. ಬಹಳ ಕಷ್ಟಪಟ್ಟು, ಕತ್ತು ಬಿಗಿದು, ಒಂದು ಮಾತು ಹೇಳಿದ. ಪ್ರವೀಣನಿಗೆ ತಿಳಿಯಲಿಲ್ಲ. ಮಂಜಿಯ ಕಡೆ ನೋಡಿದ. ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿದ್ದಿತ್ತು.

"ಎಂತ ಹೇಳಿದ?"

ಅವಳು ಮಗನ ಕಡೆ ತಿರುಗಿದಳು. ಮಗನ ಗಲ್ಲ ಹಿಡಿದು, "ಯಾರು ಹೇಳಿದ್ರು ನಿಂಗೆ ಹಾಂಗೆ ಮಾಡೂಕೆ? ಹಾಂ? ಯಾರು ಹೇಳಿದ್ರು?" ಎಂದು ಕೂಗಿದಳು. ಅವನ ಕೆನ್ನೆಗೊಂದು ಪೆಟ್ಟು ಕೊಟ್ಟಳು. ಕೂಡಲೇ ಆ ಕೆನ್ನೆಗೆ ತನ್ನ ಕೆನ್ನೆ ಒತ್ತಿಕೊಂಡು ಅತ್ತಳು. ಆಮೇಲೆ ಪ್ರವೀಣನಿಗೆ ಹೇಳಿದಳು: "ಅವ್ವಿಗೆ ಹಗುರ ಆಗ್ಲಿ ಅಂತ ಉಣ್ಣೂದಿಲ್ವಂತೆ."

ಅವತ್ತಿನಿಂದ ಮಂಜಿಗೆ ಹುಚ್ಚು ಹಿಡಿದಂತಾಯಿತು. ಜಿಮ್ಮಿನಲ್ಲಿ ಮಾಡಿದ್ದು ಸಾಲದೆ ಮನೆಯಲ್ಲೂ ಎತ್ತತೊಡಗಿದಳು: ನೀರು ತುಂಬಿದ ಕೊಡ, ತೆಂಗಿನಕಾಯಿ ಚೀಲ, ಬಟ್ಟೆ ಒಗೆಯುವ ಕಲ್ಲು. ಅವಸರ ಮಾಡಬೇಡಿ, ಮೈಗೆ ಸುಧಾರಿಸಿಕೊಳ್ಳಲು ಪುರುಸೊತ್ತು ಬೇಕು ಎಂದು ಪ್ರವೀಣ ಗದರಿದ, ಕೈಮುಗಿದ. "ಪುರುಸೊತ್ತು ಎಲ್ಲುಂಟು ನಂಗೆ? ಅಂವ ಉಣ್ಬೇಕಾದ್ರೆ ನಾ ಗಟ್ಟಿ ಅಂತ ಅವನಿಗೆ ಕಾಣ್ಬೇಕು," ಎಂದಳು. ಮಗನ ಕಣ್ಣೆದುರೇ ಕಾಯಿಚೀಲ ಎತ್ತಿ ತೋರಿಸುವಳು, ಅವನು ಒಂದು ತುತ್ತು ಉಣ್ಣುವನು. ಹೀಗೆ ಒಂದು ದಿನ ಚೀಲ ಎದೆಯ ಮಟ್ಟಕ್ಕೆ ಬರುವಾಗ ಬಲಭುಜದೊಳಗೆ ಏನೋ ಹರಿಯಿತು. ಆ ಕೈ ಮತ್ತೆ ಮೇಲೇಳಲಿಲ್ಲ. ಇನ್ನು ಭಾರ ಎತ್ತುವ ಮಾತೇ ಇಲ್ಲ ಎಂದರು ಡಾಕ್ಟರು.

ಕೈಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಅವಳು ಜಿಮ್ಮಿಗೆ ಬಂದಳು. ಸ್ಟೂಲಿನ ಮೇಲೆ ಕೂತು, "ಆತು ತಮ್ಮಾ. ನನ್ನ ಕತೆ ಮುಗೀತು," ಎಂದಳು. "ಒಂದೊಂದು ಸಲ ಕಾಣ್ತದೆ, ಇಬ್ರೂ ಒಟ್ಟಿಗೆ ಸಮುದ್ರಕ್ಕೆ ಹೋಗುದು ಅಂತ. ಆದ್ರೆ ಅಲ್ಲೀವರೆಗೆ ಅವನ್ನ ಹೊರೂಕಾದ್ರೂ ಆಗ್ಬೇಕಲ್ಲ."

ಅವಳು ಅದನ್ನು ಅಕ್ಕಿಯ ಬೆಲೆ ಹೇಳುವಷ್ಟು ಸಹಜವಾಗಿ ಹೇಳಿದಳು. ಪ್ರವೀಣ ಕೂಡಲೇ ಬೈಕಿನ ಕೀಲಿ ತೆಗೆದುಕೊಂಡ. ಬೈಕಿನಲ್ಲಿ ಅವನೇ ಅವಳನ್ನು ಮನೆಗೆ ಬಿಟ್ಟ. ದಾಸನನ್ನು ಕರೆದು, ಅವಳನ್ನು ಒಬ್ಬಳೇ ಬಿಡಬೇಡ ಎಂದು ಗುಟ್ಟಾಗಿ ಹೇಳಿದ. ವಾಪಸು ಬಂದು ಜಿಮ್ಮಿನ ಬಾಗಿಲು ಹಾಕಿ, ಹುಡುಗರು ಬಿಟ್ಟುಹೋದ ಯಂತ್ರಗಳ ನಡುವೆ ಸುಮ್ಮನೆ ಅಡ್ಡಾಡಿದ. ಬೆನ್ನು ಅಗಲ ಮಾಡಿಕೊಳ್ಳಲು ಎಲ್ಲರೂ ಜಗಳವಾಡಿ ಎಳೆಯುತ್ತಿದ್ದ ಯಂತ್ರದ ಎದುರು ಅವನ ಕಾಲು ನಿಂತಿತು. ಮೇಲೆ ರಾಟೆ, ರಾಟೆಯಲ್ಲಿ ಉಕ್ಕಿನ ತಂತಿ, ಕೆಳಗೆ ಭಾರ.

ಮರುದಿನ ವೆಲ್ಡಿಂಗಿನವನನ್ನು ಕರೆದು ಅದನ್ನು ಬಿಚ್ಚಿಸಿದ. ದಾಸ ಹಿಂದೆ ಬೋಟಿನಲ್ಲಿದ್ದವನು, ಬಲೆ ಎಳೆಯುವ ರಾಟೆಗಳ ಲೆಕ್ಕ ಅವನಿಗೆ ಗೊತ್ತಿತ್ತು. ಇಬ್ಬರೂ ಸೇರಿ ಮಂಜಿಯ ಮನೆಯ ತೊಲೆಗೆ ಕಬ್ಬಿಣದ ಹಳಿ ಬಿಗಿದರು, ಮಂಚದಿಂದ ಬಚ್ಚಲಿನವರೆಗೆ. ದಪ್ಪ ಕ್ಯಾನ್ವಾಸು ಹೊಲಿಸಿ ತೊಟ್ಟಿಲು ಮಾಡಿ, ಹಳಿಯ ಮೇಲೆ ಓಡುವ ರಾಟೆಗೆ ತೂಗುಹಾಕಿದರು. ಮೊದಲು ಪ್ರವೀಣನೇ ಅದರಲ್ಲಿ ಕೂತು ಜೋತಾಡಿ ನೋಡಿದ. ಆಮೇಲೆ ಗಣೇಶನನ್ನು ಕೂರಿಸಿದರು. ಮಂಜಿ ಎಡಗೈಯಲ್ಲಿ ಹಗ್ಗ ಎಳೆದಳು. ಮಗ ಮಂಚದಿಂದ ಮೇಲೆದ್ದ. ಅವನ ಕಣ್ಣು ಅಗಲವಾದವು. ಅವಳು ಇಳಿಸಿದಳು, ಮತ್ತೆ ಎತ್ತಿದಳು.

"ಇನ್ನಾದ್ರೂ ಉಣ್ತೀಯೇನ?" ಎಂದಳು.

ಅವತ್ತು ಅವನು ಬಡಿಸಿದ್ದೆಲ್ಲ ಉಂಡ. ಮೀನುಸಾರು ಇನ್ನೊಂದು ಸಲ ಕೇಳಿದ.

ಪ್ರವೀಣ ಹೊರಡುವಾಗ ಮಂಜಿ ಅಂಗಳದವರೆಗೆ ಬಂದಳು. ಇನ್ನು ಜಿಮ್ಮಿಗೆ ಬರುವುದು ಬೇಡ ಎಂದು ಅವನು ಹೇಳಬೇಕೆಂದಿದ್ದ. ಅವಳೇ, "ಸೋಮವಾರ ಬರ್ತೆ. ಕಾಲಿಗೆ ಹೇಳಿಕೊಡು, ಈ ಎಡಗೈಗೂ," ಎಂದಳು. "ಎತ್ತೂದು ಆತು. ಹಗ್ಗ ಎಳಿಯೂಕೆ ಒಬ್ರು ಬೇಕಲ್ಲ, ಎಷ್ಟು ವರ್ಷ ಅಂತ ಯಾರಿಗೆ ಗೊತ್ತು."

"ಬನ್ನಿ ಅಮ್ಮಾ."

"ನಿಂಗೆ ಪ್ರಾಯ ಎಷ್ಟು ತಮ್ಮಾ?"

"ಮೂವತ್ತೆಂಟು."

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಏನೋ ಕೇಳಲು ತುಟಿ ಬಿಚ್ಚಿದಳು, ಕೇಳಲಿಲ್ಲ. ತಾನು ಹೋದ ಮೇಲೆ ಆ ಹಗ್ಗ ಎಳೆಯುವೆಯಾ ಎಂದು ಅವಳು ಕೇಳದೆ ಬಿಟ್ಟದ್ದು ಪ್ರವೀಣನಿಗೆ ತಿಳಿಯಿತು. ಆಗಲಿ ಎನ್ನುವ ಧೈರ್ಯ ಅವನಿಗಿರಲಿಲ್ಲ, ಆಗುವುದಿಲ್ಲ ಎನ್ನುವ ಮನಸ್ಸೂ ಇರಲಿಲ್ಲ. ಅವನು ತಲೆ ತಗ್ಗಿಸಿ ಬೈಕಿನ ಕೀಲಿ ತಿರುಗಿಸಿದ.