ಲಗಮಣ್ಣನ ಫಾರ್ಮು

ಹುಕ್ಕೇರಿಯ ಅಂಚೆ ಕಚೇರಿಯಲ್ಲಿ ಇಂದಿಗೂ ಒಂದು ಗೋಂದಿನ ಡಬ್ಬಿ ಇದೆ. ಅದರ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಯಾರದೋ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬರಲಿದೆ ಅನಿಸುತ್ತದೆ. ಮೊನ್ನೆ ಹಾಗೆಯೇ ಆಯಿತು. ನಡುವಯಸ್ಸಿನ ಹೆಂಗಸೊಬ್ಬಳು ಕಾಗದ ಮುಂದೆ ಹಿಡಿದು, “ಅಜ್ಜಾರ, ಒಂದೀಟು ಇದನ್ನ ತುಂಬಿ ಕೊಡ್ರಿ. ನಿಮ್ಮ ಅಕ್ಷರ ಚಂದ ಅದಾವಂತ ಪೋಸ್ಟಿನಾವ್ರು ಹೇಳಿದ್ರು” ಎಂದಳು. ಹೊಗಳಿಕೆಗೆ ಉಬ್ಬುವ ವಯಸ್ಸು ನನ್ನದಲ್ಲ, ಆದರೂ ಉಬ್ಬಿದೆ. ಕನ್ನಡಕ ಏರಿಸಿ ಹೆಸರು ಕೇಳಿದೆ. ಶಾಂತವ್ವ ಎಂದಳು. ಶಾಂತವ್ವ ಎಂದೇ ಬರೆಯಲೋ, ಶಾಂತಾ ಎಂದು ಬರೆಯಲೋ ಎಂದೆ. ಶಾಂತವ್ವ ಎಂದೇ ಬರೆಯಿರಿ ಎಂದಳು. ಖಾತ್ರಿ ತಾನೇ ಎಂದೆ. ಅಲ್ಲಿಗೆ ಆಕೆಯ ತಾಳ್ಮೆ ಮುಗಿಯಿತು.

“ಏನ್ರಿ ಇದು! ನೀವು ಕೇಳಿ ಕೇಳಿ ನನಗ ನನ್ನ ಹೆಸರಿನ ಮ್ಯಾಲೇ ಸಂಶೆ ಬರಾಕತ್ತೈತಿ.”

ಆಕೆಯದೇನೂ ತಪ್ಪಿಲ್ಲ. ಇನ್ನೊಬ್ಬರ ಕಾಗದದ ಮೇಲೆ ಒಂದು ಶಬ್ದ ಬರೆಯುವ ಮೊದಲು ಮೂರು ಸಲ ಕೇಳುವುದು ನನಗೆ ಅಂಟಿದ ಜಡ್ಡು. ನನ್ನ ಹೆಂಡತಿ ಬದುಕಿದ್ದಾಗ ಕಿರಾಣಿ ಸಾಮಾನಿನ ಯಾದಿ ಬರೆಸಲಿಕ್ಕೂ ನನ್ನನ್ನು ಕರೆಯುತ್ತಿರಲಿಲ್ಲ. ತೊಗರಿಬೇಳೆ ಎಂದರೆ ತೊಗರಿಬೇಳೆಯೇ ತಾನೇ ಎಂದು ಕೇಳುವವನ ಜೊತೆ ಸಂಸಾರ ನಡೆಸಿದ ಆಕೆಯ ಪುಣ್ಯ ದೊಡ್ಡದು. ಈ ಜಡ್ಡು ನನಗೆ ಹತ್ತಿದ್ದು ಗೋಕಾಕದ ಹೈಸ್ಕೂಲಿನಲ್ಲಿ. ಅದನ್ನು ಹೇಳಬೇಕೆಂದರೆ ನಿಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕು, ಮತ್ತು ಆ ಶಾಲೆಯಲ್ಲಿ ಯಾವುದೂ ನೆಟ್ಟಗೆ ತಿಳಿಯುವಂತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಮೊದಲನೆಯ ಗೊಂದಲ ಇಯತ್ತೆಯದು, ಅಂದರೆ ತರಗತಿಯ ಲೆಕ್ಕದ್ದು. ಹಿಂದೆ ನಮ್ಮ ಕಡೆ ನಾಲ್ಕು ವರ್ಷ ಕನ್ನಡ ಸಾಲಿ ಕಲಿತು, ಆಮೇಲೆ ಇಂಗ್ಲಿಷ್ ಒಂದನೇತ್ತೆ, ಎರಡನೇತ್ತೆ ಎಂದು ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಇಂಗ್ಲಿಷ್ ಏಳನೆಯದು ಎಂದರೆ ಮ್ಯಾಟ್ರಿಕ್. ನಮ್ಮ ಕಾಲಕ್ಕೆ ಆ ಲೆಕ್ಕ ಹೋಗಿ ಒಂದರಿಂದ ಹನ್ನೊಂದರವರೆಗೆ ಒಂದೇ ಸರಪಳಿಯಾಗಿತ್ತು. ಮೂಡಲಗಿಯಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟಿದ್ದ ನಮ್ಮ ಅಜ್ಜನಿಗೆ ಇದು ಗೊತ್ತಿರಲಿಲ್ಲ. ಗೋಕಾಕದಲ್ಲಿ ನನ್ನ ಸೋದರತ್ತೆ ಇದ್ದಳೆಂದು ನನ್ನನ್ನು ಅಲ್ಲಿ ಬಿಟ್ಟು, ಎಂಟನೇತ್ತೆಗೆ ಹೆಸರು ಹಚ್ಚಿ ಬಂದ ದಿನ ಅವನು ಸಂತೆಯಲ್ಲೆಲ್ಲ ಸಾರಿಬಿಟ್ಟ.

“ಮ್ಯಾಟ್ರಿಕ್ ಅಂದ್ರ ಏಳು. ನಮ್ಮ ಹುಡುಗ ಎಂಟು. ಅಂದ್ರ ಮ್ಯಾಟ್ರಿಕ್ ದಾಟಿ ಮುಂದ ಹೊಂಟಾನ!”

ನಾನು ಮೊದಲ ಸೂಟಿಗೆ ಊರಿಗೆ ಹೋದಾಗ ಒಬ್ಬರು ಇಂಗ್ಲಿಷಿನ ತಾರು, ಅಂದರೆ ಟೆಲಿಗ್ರಾಮು, ತಂದು ಓದಲು ಕೊಟ್ಟರು. ಅದರಲ್ಲಿ ನನಗೆ ತಿಳಿದದ್ದು ಅಂಕಿಗಳು ಮಾತ್ರ. ಎಲ್ಲರೂ ಆರಾಮ ಇದ್ದಾರಂತೆ ಎಂದು ಹೇಳಿ ಕೊಟ್ಟೆ. ಅದು ಹತ್ತಿಯ ಧಾರಣೆ ಎಂದು ಆಮೇಲೆ ಗೊತ್ತಾಯಿತು. ಅಜ್ಜ ಒಂದು ವಾರ ಅಂಗಡಿಯ ಕಟ್ಟೆಗೆ ಬರಲಿಲ್ಲ.

ಎರಡನೆಯ ಗೊಂದಲ ಶಾಲೆಯ ಚರಿತ್ರೆಯದು. ಊರವರ ವಂತಿಗೆಯಿಂದ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಶುರುವಾದ ಶಾಲೆ ಎಂಬುದರಲ್ಲಿ ಎಲ್ಲರದೂ ಒಂದೇ ಮಾತು. ಯಾವಾಗ ಎಂದರೆ ಹೆಡ್‌ಮಾಸ್ತರರು ಒಂದು ವರ್ಷ ಹೇಳುತ್ತಿದ್ದರು, ಆಫೀಸಿನ ಕಾರಕೂನರು ಇನ್ನೊಂದು. ಗಂಟೆ ಬಾರಿಸುವ ಶಿಪಾಯಿಯನ್ನು ಕೇಳಿದರೆ, “ನಾ ಬಂದ ವರ್ಸ ಸಾಲಿ ಚಾಲೂ ಆತು. ಗಂಟೀನ ಹೊಡೀಲಿಲ್ಲಂದ್ರ ಎಂಥಾ ಸಾಲಿ?” ಎನ್ನುತ್ತಿದ್ದ. ನನಗೆ ಅವನ ಚರಿತ್ರೆಯೇ ಹೆಚ್ಚು ಸರಿ ಅನಿಸುತ್ತಿತ್ತು. ಮೂರನೆಯದು ಹಣ್ಣಿನ ಗೊಂದಲ. ಚಿತ್ರಕಲೆಯ ಮಾಸ್ತರರು ಮೇಜಿನ ಮೇಲೆ ಹಣ್ಣುಗಳನ್ನು ಜೋಡಿಸಿ, ನೋಡಿ ಬರೆಯಿರಿ ಎನ್ನುತ್ತಿದ್ದರು. ಹೊಸದಾಗಿ ಬಂದ ನಾನು ಮಾಸ್ತರರು ಆಚೆ ಹೋದಾಗ ಒಂದು ಪೇರಲಹಣ್ಣಿಗೆ ಬಾಯಿ ಹಾಕಿದೆ. ಕಟ್ಟಿಗೆಯದು. ಗೋಕಾಕದ ಬಡಿಗರು ಮಾಡಿ ಬಣ್ಣ ಹಚ್ಚಿದ ಹಣ್ಣು. ಅದರ ಮೇಲೆ ನನ್ನ ಎರಡು ಹಲ್ಲಿನ ಗುರುತು ಮೂಡಿತು, ಮುಂದಿನ ನಾಲ್ಕು ವರ್ಷ ಹುಡುಗರೆಲ್ಲ ಆ ಗುರುತನ್ನೂ ಸೇರಿಸಿಯೇ ಚಿತ್ರ ಬರೆದರು.

ಅಂದು ನಗದೆ ಇದ್ದವನು ನನ್ನ ಬಾಕಿನಲ್ಲಿ ಕುಳಿತಿದ್ದ ಲಗಮಣ್ಣ ಒಬ್ಬನೇ. “ನಾನೂ ಖರೇದ ಅಂತ ತಿಳದಿದ್ನಿ, ಆದ್ರ ಮುಟ್ಟಾಕ ಅಂಜಿದ್ನಿ” ಎಂದ. ಅವನ ಅಪ್ಪ ಸತ್ಯಪ್ಪ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಊರ ಹೊರಗಿನ ಹರಿಜನ ಕೇರಿಯಲ್ಲಿ ಅವರ ಮನೆ. ಲಗಮಣ್ಣ ಗಣಿತದಲ್ಲಿ ಯಾವಾಗಲೂ ಮೊದಲಿಗ, ಆದರೆ ಅವನ ಅಕ್ಷರ ಕಾಗೆಯ ಕಾಲು. ನನ್ನ ತಲೆಯಲ್ಲಿ ಏನೂ ಇರಲಿಲ್ಲ, ಅಕ್ಷರ ಮಾತ್ರ ಮುತ್ತು. ಹೀಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತು. ಸಂಜೆ ಅತ್ತೆಯ ಮನೆಗೆ ಬಂದು ಅವನು ನನಗೆ ಬೀಜಗಣಿತ ಹೇಳಿಕೊಡುವುದು, ನಾನು ಅವನ ವಹಿಗಳನ್ನು ನಕಲು ಮಾಡಿಕೊಡುವುದು. ನಾನು ಹನ್ನೊಂದನೇತ್ತೆಯವರೆಗೆ ನಪಾಸಾಗದೆ ಬಂದದ್ದು ಅವನಿಂದ. ಅದನ್ನು ನಾನು ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ಹನ್ನೊಂದನೆಯ ಇಯತ್ತೆಯಲ್ಲಿದ್ದಾಗ, ರಾಜ್ಯಗಳ ಗಡಿ ಬದಲಾದ ವರ್ಷ, ದೀಪಾವಳಿ ಸೂಟಿ ಬಂತು. ಮುಂಬಯಿ ರಾಜ್ಯದ ಶಾಲೆಯಿಂದ ಮನೆಗೆ ಹೋದವರು ಮೈಸೂರು ರಾಜ್ಯದ ಶಾಲೆಗೆ ಮರಳಿ ಬಂದೆವು. ನಡುವೆ ನಾವು ಚಕ್ಕಲಿ ತಿಂದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ನಮ್ಮ ಪರೀಕ್ಷೆಯ ಪ್ರಶ್ನೆಪತ್ರಿಕೆ ಪುಣೆಯಿಂದ ಬರುತ್ತದೋ ಬೆಂಗಳೂರಿನಿಂದ ಬರುತ್ತದೋ ಎಂದು ಮಾಸ್ತರರಲ್ಲೇ ವಾದ ನಡೆಯುತ್ತಿತ್ತು. ಕಾರಕೂನರು ಹಳೆಯ ರಬ್ಬರ್ ಸಿಕ್ಕೆಯನ್ನು ಒತ್ತಿ, ‘ಮುಂಬಯಿ’ ಎಂಬಲ್ಲಿ ಶಾಯಿಯಿಂದ ಗೀಟು ಹಾಕಿ, ಮೇಲೆ ‘ಮೈಸೂರು’ ಎಂದು ಬರೆಯುತ್ತ ಕುಳಿತಿರುತ್ತಿದ್ದರು. ಯಾರಿಗೂ ಅದರಿಂದ ಸಿಟ್ಟು ಬರಲಿಲ್ಲ. ಹೆಸರು ಬದಲಾಗುವುದು ದೊಡ್ಡ ಸಂಗತಿಯೇ ಅಲ್ಲ ಎಂಬಂತೆ ದಿನ ಸಾಗುತ್ತಿತ್ತು.

ಅದೇ ಹೊತ್ತಿಗೆ ಲಗಮಣ್ಣನ ಮನೆಯಲ್ಲೂ ಒಂದು ಹೆಸರು ಬದಲಾಗಿತ್ತು. ಆ ದಸರೆಗೆ ಅವನ ಅಪ್ಪ ನಾಗಪುರಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬಂದಿದ್ದ. “ನಾವೀಗ ಬೌದ್ಧರು” ಎಂದ ಲಗಮಣ್ಣ. ನಾನು ಎಂಥ ಬುದ್ಧಿವಂತನೆಂದರೆ, “ಹಂಗಾರ ಬರೂ ವರ್ಸ ಚಕ್ಕಲಿ ಮಾಡೂದಿಲ್ಲೇನು?” ಎಂದು ಕೇಳಿದೆ. ಅವನು “ಅದು ಗೊತ್ತಿಲ್ಲ, ಅಪ್ಪನ್ನ ಕೇಳಬೇಕು” ಎಂದ. ಅವನಿಗೂ ಇನ್ನೂ ಪೂರ್ತಿ ತಿಳಿದಿರಲಿಲ್ಲ ಎಂದು ನನಗೆ ಅನಿಸಿತು. ಆದರೆ ಅವನ ಬೆನ್ನು ಮಾತ್ರ ಮೊದಲಿಗಿಂತ ನೆಟ್ಟಗಾಗಿತ್ತು.

ಚಳಿಗಾಲಕ್ಕೆ ಪರೀಕ್ಷೆಯ ಫಾರ್ಮು ಬಂದವು. ಚಿತ್ತು ಬಿದ್ದರೆ ಫಾರ್ಮು ತಿರುಗಿ ಬರುತ್ತದೆಂದು ಕಾರಕೂನರು ಎಲ್ಲರದನ್ನೂ ನನ್ನ ಕೈಯಿಂದ ತುಂಬಿಸುತ್ತಿದ್ದರು. ಅವರು ಹುಕ್ಕೇರಿ ಕಡೆಯವರು, ಬಾಯಿ ಒರಟು, ಮನಸ್ಸು ಮೆತ್ತಗೆ. ಹುಡುಗರನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಲಗಮಣ್ಣ ಆಫೀಸಿನ ಕಿಟಕಿಯ ಹತ್ತಿರ ಬಂದು, “ಧರ್ಮದ ಮುಂದ ಬೌದ್ಧ ಅಂತ ಬರಿ. ಅಪ್ಪ ಹೇಳ್ಯಾನ” ಎಂದು ಹೇಳಿ ಆಡಲು ಹೋದ. ನಾನು ಟಾಕನ್ನು ಶಾಯಿಯ ದೌತಿಯಲ್ಲಿ ಅದ್ದಿದೆ. ಕಾರಕೂನರು ಕೈ ಹಿಡಿದರು.

“ಏ ಮೂಡಲಗಿ, ತಡಿ. ಹರಿಜನ ಅಂತ ಇದ್ರ ಅವಗ ನಾದಾರಿ ಐತಿ, ಫೀ ಪೂರಾ ಮಾಫಿ. ಬೌದ್ಧ ಅಂದ್ರ ಐತೋ ಇಲ್ಲೋ ನನಗರ ಎಲ್ಲಿ ಗೊತ್ತು? ಮುಂಬಯಿದಾವ್ರೂ ಹೇಳಿಲ್ಲ, ಮೈಸೂರಾವ್ರೂ ಹೇಳಿಲ್ಲ. ಇಲ್ಲಂದ್ರ ಫೀ ತುಂಬಬೇಕು. ತುಂಬಲಿಲ್ಲಂದ್ರ ಪರೀಕ್ಷಾಕ್ಕ ಕುಂಡ್ರಾಕ ಬರೂದಿಲ್ಲ. ನಿನ್ನ ಗೆಳೆಯಾ, ನೀನ ನೋಡು.”

ಲಗಮಣ್ಣ ಐವತ್ತು ಹೆಜ್ಜೆ ದೂರದಲ್ಲಿ ಹುತುತು ಆಡುತ್ತಿದ್ದ. ಅವನ ಧ್ವನಿ ಕೇಳಿಸುತ್ತಿತ್ತು. ಕಿಟಕಿಯಿಂದ ಒಂದು ಕೂಗು ಹಾಕಿದ್ದರೆ ಬರುತ್ತಿದ್ದ. ನಾನು ಕೂಗಲಿಲ್ಲ. ಯಾಕೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಅವನು ಪರೀಕ್ಷೆಗೆ ಕೂರದಿದ್ದರೆ ಹೇಗೆ ಎಂಬ ಭಯ ಖಂಡಿತ ಇತ್ತು. ಅವನಿಗಿಂತ ನನಗೆ ಹೆಚ್ಚು ವ್ಯವಹಾರ ಗೊತ್ತು ಎಂಬ ಜಂಬವೂ ಇತ್ತು, ಅಡತಿ ಅಂಗಡಿಯ ರಕ್ತ ನೋಡಿ. ನನ್ನ ಅತ್ಯಂತ ಚಂದದ ಅಕ್ಷರದಲ್ಲಿ ‘ಹಿಂದೂ – ಹರಿಜನ’ ಎಂದು ಬರೆದು, ಉಪಕಾರ ಮಾಡಿದ ಸಂತೋಷದಿಂದ ಊಟಕ್ಕೆ ಹೋದೆ.

ಮರುದಿನ ಎಲ್ಲರೂ ತಮ್ಮ ತಮ್ಮ ಫಾರ್ಮು ಓದಿ ಕೆಳಗೆ ಸಹಿ ಮಾಡಬೇಕಿತ್ತು. ಲಗಮಣ್ಣ ಓದಿ, ಟಾಕು ಕೆಳಗಿಟ್ಟ.

“ಇದು ಯಾರದು?”

“ನಿಂದ” ಎಂದೆ.

“ನಂದಲ್ಲ.”

ನಾದಾರಿಯ ಸಂಗತಿ, ಕಾರಕೂನರ ಮಾತು ಎಲ್ಲವನ್ನೂ ಗಡಿಬಿಡಿಯಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಂದೇ ಮಾತು ಅಂದ: “ನನ್ನ ಕೇಳಿದ್ದೇನು?” ಸಹಿ ಮಾಡದೆ ಹೊರಟುಹೋದ. ಫಾರ್ಮು ಕಳಿಸಲು ಎರಡೇ ದಿನ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಗಿರಣಿಯ ಪಾಳಿ ಮುಗಿಸಿ ಸತ್ಯಪ್ಪ ಮಗನ ಜೊತೆ ಶಾಲೆಗೆ ಬಂದ. ಅವನ ಕೂದಲಲ್ಲಿ ಹತ್ತಿಯ ಎಳೆಗಳಿದ್ದವು. ಬೈಯುತ್ತಾನೆಂದು ನಾನು ಬಾಗಿಲ ಹಿಂದೆ ಸರಿದೆ. ಅವನು ಕಾರಕೂನರ ಮೇಜಿನ ಮೇಲಿನ ಫಾರ್ಮನ್ನು ಕೈಯಲ್ಲಿ ಹಿಡಿದು ನನ್ನನ್ನು ಹುಡುಕಿಕೊಂಡು ಬಂದ.

“ತಮ್ಮಾ, ಅಕ್ಷರ ಭಾಳ ಚಂದ ಬರದಿ. ನಿನ್ನ ಮನಸ್ಸಿನ್ಯಾಗ ಕೆಟ್ಟದ್ದಿಲ್ಲ, ತಿಳೀತೈತಿ ನನಗ. ಆದ್ರ ಮಂದಿ ನಮ್ಮನ್ನ ಕೇಳದ ನಮ್ಮ ಮ್ಯಾಲೆ ಬರದಿದ್ದನ್ನ ಅಳಸಾಕ ನಾಗಪುರ ಮಟಾ ಹೋಗಿ ಬಂದೇನಿ ನಾನು. ನೀ ಮತ್ತ ಅದನ್ನ ಬರದಿಯಲ್ಲೋ.”

ಕಾರಕೂನರು ಕಪಾಟಿನಿಂದ ಒಂದು ಖಾಲಿ ಫಾರ್ಮು ತೆಗೆದರು. ಅದೊಂದೇ ಉಳಿದಿತ್ತು. ನಾನು ತುಂಬಿಕೊಡಲೇ ಎಂಬಂತೆ ನೋಡಿದೆ. ಸತ್ಯಪ್ಪ ಮಗನ ಕೈಗೆ ಟಾಕು ಕೊಟ್ಟು, “ನೀನ ಬರಿ” ಎಂದ. ಲಗಮಣ್ಣ ನಾಲಿಗೆ ಕಚ್ಚಿಕೊಂಡು, ಬೆವರುತ್ತ, ಒಂದೂ ಚಿತ್ತಿಲ್ಲದೆ ಬರೆದ. ಅಕ್ಷರ ಕೆಟ್ಟದಾಗಿಯೇ ಇತ್ತು. ಫೀಯನ್ನು ಸತ್ಯಪ್ಪ ಪೂರ್ತಿ ತುಂಬಿದ, ಎಲ್ಲಿಂದ ತಂದನೋ ನಾನು ಕೇಳಲಿಲ್ಲ.

ಲಗಮಣ್ಣ ನಮ್ಮ ಶಾಲೆಗೆ ಮೊದಲಿಗನಾಗಿ ಪಾಸಾದ. ನಾನು ಹೇಗೋ ದಾಟಿದೆ. ಆದರೆ ಬೆಳಗಾವಿಯ ಕಾಲೇಜಿಗೆ ಹೋದವನು ನಾನು. ಕಾಲೇಜಿನ ಫೀ ಅವನಿಗೆ ಮಾಫಿ ಆಗಲಿಲ್ಲ. ಅವನು ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಹಳ್ಳಿಗಳನ್ನು ಸುತ್ತಿದ. ನಾನು ಹುಕ್ಕೇರಿಯ ಕಚೇರಿಯಲ್ಲಿ ಖುರ್ಚಿ ಹಿಡಿದು, ಅವನಿಗಿಂತ ದೊಡ್ಡ ಪಗಾರ ಎಣಿಸಿದೆ. ಇಲ್ಲಿಂದಲೇ ನನ್ನ ತಲೆ ಕೆಟ್ಟದ್ದು. ನಾನು ಬರೆದದ್ದು ಹಾಗೇ ಉಳಿದಿದ್ದರೆ ಅವನು ಇಂಜಿನಿಯರ್ ಆಗುತ್ತಿದ್ದನೇನೋ. ಹಾಗಾದರೆ ನಾನು ಮಾಡಿದ್ದು ಸರಿಯೇ? ಸರಿಯಾಗಿದ್ದರೆ ಸತ್ಯಪ್ಪನ ಮಾತು ನೆನಪಾದಾಗ ನನಗೆ ತಲೆ ಎತ್ತಲು ಯಾಕೆ ಆಗುವುದಿಲ್ಲ? ತಪ್ಪಾಗಿದ್ದರೆ ಲಗಮಣ್ಣನ ಸಣ್ಣ ಪಗಾರ ಕಂಡು ಅಷ್ಟೊಂದು ಸಂಕಟವಾದದ್ದು ಯಾಕೆ? ಎರಡೂ ಕಡೆಯಿಂದ ಲೆಕ್ಕ ಮಾಡಿ ನೋಡಿದ್ದೇನೆ, ಉತ್ತರ ಹೊಂದುವುದಿಲ್ಲ.

ಶಾಂತವ್ವನಿಂದ ಬೈಸಿಕೊಂಡ ಮರುದಿನವೇ ಬಸ್ಸು ಹತ್ತಿದೆ. ಲಗಮಣ್ಣ ಈಗ ತುಕ್ಕಾನಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ನಡುವೆ ಮದುವೆ ಮುಂಜಿಗಳಲ್ಲಿ ಕಂಡಿದ್ದೆವು, ಮಾತಾಡಿದ್ದೆವು, ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಗೋಕಾಕದಲ್ಲಿ ಬಸ್ಸು ಬದಲಿಸಿದೆ, ಅರಭಾವಿಯಲ್ಲಿ ಕಾಲೇಜಿನ ಹುಡುಗರು ಇಳಿದ ಮೇಲೆ ಕೂರಲು ಜಾಗ ಸಿಕ್ಕಿತು. ಲಗಮಣ್ಣ ಮನೆಯ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದು, ತನ್ನ ಹಾಸಿಗೆಯ ಮೇಲೆ ಕೂರಿಸಿಕೊಂಡ. ಮಗಳು ಚಹಾ ತಂದಳು. ನಾನು ಸುತ್ತು ಬಳಸದೆ ಕೇಳಿದೆ.

“ಲಗಮಾ, ಆ ಫಾರ್ಮಿನ್ಯಾಗ ನಾ ಬರದದ್ದು ಸರಿ ಇತ್ತೋ, ತಪ್ಪ ಇತ್ತೋ?”

“ಯಾವ ಫಾರ್ಮು?” ಎಂದ. ನೆನಪು ಮಾಡಿಕೊಡಬೇಕಾಯಿತು. ಆಮೇಲೆ ನಿಧಾನವಾಗಿ ಹೇಳಿದ. “ಕಾಲೇಜ ತಪ್ಪಿದ್ದಕ್ಕ ಅಪ್ಪನ ಕೂಡ ಎರಡ ವರ್ಸ ಮಾತ ಬಿಟ್ಟಿದ್ನಿ. ಅಂವಾ ತೀರಿಕೊಂಡಾಗ, ಅಂವಾ ಮಾಡಿದ್ದ ಖರೆ ಅಂತ ಅತ್ನಿ. ನಿನ್ನ ಮ್ಯಾಲೆ ಸಿಟ್ಟ ಒಂದ ವಾರಾನೂ ಇರಲಿಲ್ಲ ಬಿಡು. ಅದನ್ನ ಇನ್ನೂ ಹೊತಗೊಂಡ ತಿರಗ್ಯಾಡಾಕತ್ತೀಯೇನು?”

ನನಗೆ ಹಗುರಾಗಬೇಕಿತ್ತು. ಆಗುವಷ್ಟರಲ್ಲಿ ಅವನು ಮತ್ತೆ ಬಾಯಿ ತೆರೆದ.

“ನಾ ಒಂದ ಕೇಳ್ಲೇನು? ನಾಲ್ಕ ವರ್ಸ ದಿನಾ ಸಂಜೀಕ ನಿಮ್ಮತ್ತಿ ಮನಿಗೆ ಬಂದ್ನಿ. ಹೊರಗ ಕಟ್ಟಿ ಮ್ಯಾಲ ಕುಂತ ಗಣಿತಾ ಹೇಳಿದ್ನಿ. ಮಳಿ ಬಂದ್ರ ಅಂಗೀ ಒಳಗ ವಹಿ ಮುಚಗೊಂಡ ಮನಿಗೆ ಓಡ್ತಿದ್ನಿ. ಒಂದ ಸಲಾನೂ ಒಳಗ ಬಾ ಅನಲಿಲ್ಲಲ್ಲೋ ನೀ. ಯಾಕ?”

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು, ನನ್ನ ಮುಖ ನೋಡುತ್ತ ಕೇಳಿದ. ನಾನು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಫಾರ್ಮಿನ ಬಗ್ಗೆ ಅರವತ್ತು ವರ್ಷ ತಲೆ ಕೆಡಿಸಿಕೊಂಡವನಿಗೆ ಈ ಪ್ರಶ್ನೆಯಲ್ಲಿ ಯಾವ ಗೊಂದಲವೂ ಇರಲಿಲ್ಲ. ಉತ್ತರ ಗೊತ್ತಿತ್ತು, ಅಂದೂ ಗೊತ್ತಿತ್ತು.