ಕಣಕುಂಬಿಯ ಏರು

ನಾಗಲಿಂಗ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದ. ವಯಸ್ಸು ನಲವತ್ಮೂರು, ಹದಿನೆಂಟು ವರ್ಷ ನಿಂತೇ ದುಡಿದ ಕಾಲು. ಶಿಫ್ಟು ಮುಗಿದರೆ ನೇರ ಸಾರಾಯಿ ಅಂಗಡಿ. ಕುಡಿದರೆ ಸಂತೋಷವೇನೂ ಆಗುತ್ತಿರಲಿಲ್ಲ. ಮೈನೋವು ಸ್ವಲ್ಪ ದೂರ ಸರಿಯುತ್ತಿತ್ತು, ಅಷ್ಟೇ.

೧೯೭೪ರಲ್ಲಿ ಖಾನಾಪುರದಲ್ಲಿ ಹೆಂಡತಿ ಸಿದ್ದಕ್ಕನ ತಮ್ಮ ಮಾಯಪ್ಪನ ಮದುವೆಯಾಯಿತು. ಅಂದು ನಾಗಲಿಂಗ ಕುಡಿದು ಬಂದು, ಊಟದ ಪಂಕ್ತಿಯಲ್ಲಿ ಸಾರಿನ ಪಾತ್ರೆಯ ಮೇಲೆ ಬಿದ್ದ. ಬಡಿಸುತ್ತಿದ್ದ ಅತ್ತೆಯ ಪಾದ ಸುಟ್ಟಿತು.

"ಕುಡದು ನಮ್ಮ ಮನಿಗೆ ಬರಬ್ಯಾಡ್ರಿ ಮಾವಾ" ಎಂದ ಮಾಯಪ್ಪ.

ನಾಗಲಿಂಗ ನಾಲ್ಕು ವರ್ಷ ಹೋಗಲೇ ಇಲ್ಲ. ಅಷ್ಟರಲ್ಲಿ ಮಾಯಪ್ಪ ಅರಣ್ಯ ಇಲಾಖೆಯ ಗಾರ್ಡ್ ಆಗಿ, ತಾಯಿಯೊಂದಿಗೆ ಘಟ್ಟದ ಮೇಲಿನ ಕಣಕುಂಬಿಗೆ ಹೋಗಿದ್ದ. ಮುದುಕಿಗೆ ಕಣ್ಣು ಮಂದವಾಗಿದೆಯೆಂದು ಸುದ್ದಿ ಬಂತು.

"ಸೈಕಲ್ ಮ್ಯಾಲ ಹೋಗಿ ನೋಡ್ಕೊಂಡು ಬರ್ತೀನಿ" ಎಂದ ನಾಗಲಿಂಗ.

"ಯಾಕ, ಬಸ್ ಇಲ್ಲೇನು?" ಎಂದಳು ಸಿದ್ದಕ್ಕ.

"ಬಸ್ಸಿನ್ಯಾಗಾದ್ರ ಕುಡದೂ ಹೋಗಬಹುದು. ಆ ಏರು ಕುಡದಾಂವನ ಕೈಲೆ ಆಗಂಗಿಲ್ಲ."

ದೀಪಾವಳಿ ಮುಗಿದ ಮೇಲೆ, ಪ್ರತಿ ರವಿವಾರ ಬೆಳಿಗ್ಗೆ ರೂಢಿಗೆಂದು ಖಾನಾಪುರದ ತನಕ ಸೈಕಲ್ ತುಳಿಯತೊಡಗಿದ. ಮೊದಲ ದಿನ ದೇಸೂರಿನ ಹತ್ತಿರ ವಾಂತಿಯಾಯಿತು. ಕುಡಿತ ಮೊದಲು ದಿನ ಬಿಟ್ಟು ದಿನ, ಆಮೇಲೆ ಶನಿವಾರಕ್ಕೊಮ್ಮೆ. ಕುಡಿಯದ ಸಂಜೆಗಳಲ್ಲಿ ಬನಿಯನ್ ಬೆವರಿನಿಂದ ತೊಯ್ಯುತ್ತಿತ್ತು. ಸಿದ್ದಕ್ಕ ಮಜ್ಜಿಗೆ ತಂದಿಡುತ್ತಿದ್ದಳು. ನಾಲ್ಕನೆಯ ವಾರ ಫೋರ್‌ಮನ್ ಬೈದನೆಂದು ಒಂದು ಸಂಜೆ ಹೊಟ್ಟೆ ತುಂಬ ಕುಡಿದುಬಿಟ್ಟ. ಆ ರವಿವಾರ ದೇಸೂರನ್ನೂ ಮುಟ್ಟದೆ ತಿರುಗಿ ಬಂದ.

"ಮುಗೀತೇನು?" ಎಂದಳು ಸಿದ್ದಕ್ಕ.

"ಇಲ್ಲ. ದಣದೇನಿ, ಅಷ್ಟ."

ಸಂಕ್ರಾಂತಿ ಕಳೆದು ಒಂದು ನಸುಕಿನಲ್ಲಿ ಕಣಕುಂಬಿಗೆ ಹೊರಟ. ಜಾಂಬೋಟಿ ಊರು ದಾಟಿದ ಮೇಲೆ ಘಟ್ಟದ ಏರಿನಲ್ಲಿ ಅರ್ಧ ದಾರಿ ಸೈಕಲ್ ತಳ್ಳಿಕೊಂಡೇ ನಡೆದ. ತೊಡೆ ಸೆಟೆದವು. ಬಸ್ಸೊಂದು ನಿಂತು, ಕಂಡಕ್ಟರ್ ಹತ್ತಲು ಕರೆದ. ಮಾತನಾಡುವ ಶಕ್ತಿಯಿಲ್ಲದೆ ನಾಗಲಿಂಗ ಬೇಡವೆಂದು ಕೈಬೀಸಿದ.

ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಮಾಯಪ್ಪ ಬಾಗಿಲಿಗೆ ಅಡ್ಡ ನಿಂತ. ನಾಗಲಿಂಗ ಹತ್ತಿರ ಹೋಗಿ ಅವನ ಮುಖಕ್ಕೆ ಉಸಿರು ಬಿಟ್ಟ. "ನೋಡಪಾ."

ಮಾಯಪ್ಪ ಮುಖ ತಗ್ಗಿಸಿದ. "ಹಂಗ್ಯಾಕ ಮಾಡ್ತೀರಿ? ಒಳಗ ಬರ್ರಿ."

ಅತ್ತೆ ಅವನ ಕೆನ್ನೆ ತಡವಿದಳು. "ಎಷ್ಟ ಬಡವಾಗೀಯೋ!" ನಾಗಲಿಂಗ ಅವಳ ಪಾದದ ಸುಟ್ಟ ಕಲೆ ಮುಟ್ಟಿ, ಅಲ್ಲೇ ಗೋಡೆಗೆ ಒರಗಿದ. ರೊಟ್ಟಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದ. ಅವಳು ಎಬ್ಬಿಸಗೊಡಲಿಲ್ಲ.

೧೯೮೨ರಲ್ಲಿ ಅತ್ತೆ ತೀರಿಕೊಳ್ಳುವವರೆಗೆ ಪ್ರತಿ ಚಳಿಗಾಲ ಹೋಗಿಬಂದ. ಶನಿವಾರದ ಒಂದು ಗ್ಲಾಸು ಉಳಿಯಿತು.

"ಪೂರಾ ಬಿಡಾಕ ಆಗಂಗಿಲ್ಲೇನು?" ಎಂದು ಸಿದ್ದಕ್ಕ ಒಮ್ಮೆ ಕೇಳಿದಳು.

"ಇಷ್ಟ ಬಿಡೂದ್ರಾಗ ಸಾಕಾಗೇತಿ ನನಗ" ಎಂದು ಅವನು ಮಗ್ಗುಲಾದ.