ತೊಟ್ಟಿಲಿಗೆ ಹಾಕಿದ ಗುಂಡುಕಲ್ಲು

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ಅವನ್ನು ನಂಬುತ್ತೇನೆಂದು ಹೇಳಲಾರೆ. ನೀವೂ ನಂಬಬೇಕಿಲ್ಲ. ಕೆಲವು ವರ್ಷಗಳ ಹಿಂದೆ ಮಧುವನಹಳ್ಳಿಯ ನಮ್ಮ ಮನೆಯಲ್ಲಿ, ಹಾಡಹಗಲೇ, ಮನೆ ತುಂಬ ಹೆಂಗಸರಿದ್ದಾಗ ನಡೆದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ನನ್ನ ತಂಗಿ ಸವಿತಾ ಯಳಂದೂರಿನಲ್ಲಿ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಜೊತೆ ಬಾಡಿಗೆ ಮನೆ ಮಾಡಿಕೊಂಡಿದ್ದಳು. ತಾಳಿಯಿಲ್ಲ, ರಿಜಿಸ್ಟರ್ ಇಲ್ಲ. ಅವನು ಕುಡಿದು ಬಡಿಯುತ್ತಿದ್ದ. ಒಂದು ದಿನ ಎಳೆಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಾತುಹೋದ ಮುಖದಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತಳು. ಅಯ್ಯೋ ಪಾಪ ಅನ್ನಿಸಿತು. ಆದರೆ ಅದಕ್ಕಿಂತ ಮೊದಲು ಹೊಟ್ಟೆ ಉರಿಯಿತು. ಊರೆಲ್ಲ ಕರೆದು ಮದುವೆಯಾದ, ವ್ರತ, ಹರಕೆ, ಮೈಸೂರಿನ ಆಸ್ಪತ್ರೆ ಎಲ್ಲ ಮುಗಿಸಿದ ನನ್ನ ಮಡಿಲು ಖಾಲಿ. ಯಾರನ್ನೂ ಏನೂ ಬೇಡದ ಇವಳಿಗೆ ದುಂಡು ದುಂಡಾದ ಗಂಡು ಮಗು!

ಅವನು ಫೋನಿನಲ್ಲಿ ಹೆದರಿಸುತ್ತಲೇ ಇದ್ದ. "ನಾನೇ ಅಪ್ಪ ಕಣಮ್ಮೀ. ಮಗೀನ ಎತ್ಕಂಡೋಯ್ತೀನಿ, ಅದ್ಯಾರು ತಡೀತಾರೋ ನೋಡ್ತೀನಿ."

ಮದುವೆಯಾಗದ ತಾಯಿಯೇ ಮಗುವಿಗೆ ಮೊದಲ ಪೋಷಕಿ, ಅವನೇ ಅಪ್ಪ ಎಂದು ಡಿಎನ್‌ಎ ಪರೀಕ್ಷೆಯಲ್ಲಿ ಸಾಬೀತಾದರೂ ಕೋರ್ಟಿನಲ್ಲಿ ಕೇಳಬೇಕೇ ಹೊರತು ಎತ್ತಿಕೊಂಡು ಹೋಗುವಂತಿಲ್ಲ ಎಂದು ಕೊಳ್ಳೇಗಾಲದ ಲಾಯರಮ್ಮ ಧೈರ್ಯ ಹೇಳಿದ್ದರು. ಆದರೂ ಸವಿತಾ ಜೀವನಾಂಶ ಕೇಳಲು ಒಪ್ಪಲಿಲ್ಲ. ಕೇಳಿದರೆ ಅವನೇ ಅಪ್ಪ ಎಂದು ತಾನೇ ಒಪ್ಪಿಕೊಂಡಂತಾಗಿ, ಮುಂದೆ ಮಗು ಕೈತಪ್ಪಿ ಹೋದೀತು ಎಂಬ ಭಯ ಅವಳಿಗೆ.

ನಾಮಕರಣದ ದಿನ ಬಂತು. ನಮ್ಮಲ್ಲಿ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತೇವೆ. ಆಮೇಲೆ ಕಲ್ಲು ತೆಗೆದು ಮಗು ಹಾಕುವುದು. ಮಕ್ಕಳಾಗಲಿ ಎಂದು ಹೆಂಗಸರು ಆ ಕಲ್ಲನ್ನು ನನ್ನ ಮಡಿಲಿಗೇ ಕೊಡುತ್ತಾರೆ. ಯಾರ್ಯಾರದೋ ತೊಟ್ಟಿಲ ಮುಂದೆ ಕಲ್ಲು ಹೊತ್ತು ಕೂತು ನನಗೆ ಸಾಕಾಗಿಹೋಗಿತ್ತು. ಈ ಸಲದ್ದಂತೂ ನನ್ನದೇ ಒರಳಿನ ಕಲ್ಲು, ಸುತ್ತಿದ್ದು ನನ್ನದೇ ಹಳೇ ಕೆಂಪು ಸೀರೆಯ ತುಂಡು.

ತೂಗಿ ಮುಗಿಸಿ ಮಡಿಲಿಗೆ ಕೊಟ್ಟ ಕಲ್ಲನ್ನು ಸೀರೆಯ ತುಂಡಿನ ಸಮೇತ ಅಡುಗೆಮನೆಗೆ ಒಯ್ದು ಮಣೆಯ ಮೇಲಿಟ್ಟು ಬಂದೆ. ಬಿಳಿ ಪಂಚೆಯಲ್ಲಿ ಸುತ್ತಿದ್ದ ಮಗುವನ್ನು ನನ್ನ ಕೈಯಾರೆ ತೊಟ್ಟಿಲಿಗೆ ಹಾಕಿದೆ. ಆ ಮೆತ್ತನೆ ತಲೆಯ ಬಿಸುಪು ಇನ್ನೂ ನನ್ನ ಅಂಗೈಯಲ್ಲಿದೆ.

ಅಷ್ಟರಲ್ಲಿ ಅವನು ನುಗ್ಗಿದ. ಸವಿತಾಳನ್ನು ತಳ್ಳಿ, ತೊಟ್ಟಿಲಿನಿಂದ ಮಗುವನ್ನು ಬಾಚಿಕೊಂಡು ಓಡಿದ. ಹೊರಗೆ ಗೆಳೆಯನ ಬೈಕು ಕಾಯುತ್ತಿತ್ತು. ಪಂಚೆಯಿಂದ ಈಚೆ ಬಂದ ಪುಟ್ಟ ಕಾಲನ್ನು ನಾನು ಕಂಡೆ, ಅಳುವನ್ನೂ ಕೇಳಿದೆ. ಬೈಕು ಹನೂರಿನ ರಸ್ತೆ ಹಿಡಿಯಿತು. ಸವಿತಾ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದರೆ ನನ್ನೊಳಗೆ ಒಂದು ಮಾತು ಬಂದು ಹೋಯಿತು: ಇನ್ನು ಇವಳೂ ನನ್ನ ಹಾಗೆಯೇ.

ಆಗ ಅಡುಗೆಮನೆಯಿಂದ ಮಗು ಅತ್ತ ಸದ್ದು. ಓಡಿಹೋಗಿ ನೋಡಿದರೆ ಮಣೆಯ ಮೇಲೆ, ನನ್ನ ಕೆಂಪು ಸೀರೆಯ ತುಂಡಿನಲ್ಲಿ, ಮೈಯೆಲ್ಲ ಅರಿಸಿನವಾಗಿ ಮಗು ಕೈಕಾಲು ಬಡಿಯುತ್ತಿತ್ತು.

ಪೊಲೀಸರಿಗೆ ಫೋನ್ ಮಾಡುವಷ್ಟರಲ್ಲಿ ಅವನೇ ವಾಪಸು ಬಂದ. ಮುಖ ಬಿಳಿಚಿಕೊಂಡಿತ್ತು. ಬಿಳಿ ಪಂಚೆಯ ಗಂಟನ್ನು ಜಗಲಿಯ ಮೇಲಿಟ್ಟು ನನ್ನನ್ನು ನೋಡಿ, "ದಾರಿ ಉದ್ದಕೂ ಅಳ್ತಿತ್ತು ಕಣಕ್ಕ. ಬಿಚ್ಚುದ್ರೆ ಕಲ್ಲು. ನಂಗ್ಯಾವ ಮಗೂನೂ ಬ್ಯಾಡ" ಎಂದು ಹೊರಟುಹೋದ. ಮತ್ತೆ ಅವನು ಬರಲಿಲ್ಲ, ಕೋರ್ಟಿಗೂ ಹೋಗಲಿಲ್ಲ.

"ಎಂತಾ ಬುದ್ವಂತೆ ಕಣವ್ವ ನೀನು, ಯಾರ್ಗೂ ಗೊತ್ತಾಗದಂಗೆ ಬದಲಾಯ್ಸ್ಬುಟ್ಟಲ್ಲ!" ಎಂದು ಹೆಂಗಸರು ಬೆನ್ನು ತಟ್ಟಿದರು. ಸವಿತಾ ಕಾಲು ಹಿಡಿದು ಅತ್ತಳು. ನಾನಲ್ಲ ಎಂದರೆ ಯಾರೂ ಕೇಳಲಿಲ್ಲ. ಇವತ್ತಿಗೂ ಕೇಳುವುದಿಲ್ಲ.

ಹುಡುಗ ಈಗ ತಾಯಿಯ ಹೆಸರೊಂದರಲ್ಲೇ ಶಾಲೆಗೆ ಹೋಗುತ್ತಾನೆ. ಕಲ್ಲು ನಮ್ಮ ಅಡುಗೆಮನೆಯಲ್ಲೇ ಇದೆ. ಯಾರೂ ಇಲ್ಲದಾಗ ಒಮ್ಮೊಮ್ಮೆ ಅದನ್ನು ತೊಳೆದು ಮಡಿಲಲ್ಲಿಟ್ಟುಕೊಂಡು ಕೂರುತ್ತೇನೆ. ತಂಗಿಯ ಮಗುವಿಗಾಗಿ ದಾರಿಯುದ್ದಕ್ಕೂ ಅತ್ತ ಕಲ್ಲು, ಇಷ್ಟು ವರ್ಷ ಹೊತ್ತ ನನ್ನ ಮಡಿಲಲ್ಲಿ ಒಂದು ಸಲವೂ ಮಿಸುಕಿಲ್ಲ. ಯಾಕೆಂದು ನನಗೆ ತಿಳಿದಿಲ್ಲ.